ಅನ್ನ ಬಿಡಿ ಅನ್ನುವ ಮೊದಲು: ದುಡಿಯಲು ಬಂದವರ ತೂಕ, ನಮ್ಮ ಕಡೆಯ ಚಿಕಿತ್ಸೆ

ನಮ್ಮ ಕಡೆ ತೂಕ ಜಾಸ್ತಿ ಇರುವವರು ಆಸ್ಪತ್ರೆಗೆ ಹೋದರೆ ಸಿಗುವ ಬುದ್ಧಿಮಾತು ಹೆಚ್ಚುಕಡಿಮೆ ಒಂದೇ: ಅನ್ನ ಬಿಡಿ, ಮುದ್ದೆ ತಿನ್ನಿ, ಬೆಳಿಗ್ಗೆ ಎದ್ದು ವಾಕಿಂಗ್ ಮಾಡಿ. ಅರಸೀಕೆರೆಯ, ಚನ್ನರಾಯಪಟ್ಟಣದ ಜನಕ್ಕೆ ಇದು ಅರ್ಧದಷ್ಟಾದರೂ ಒಗ್ಗುತ್ತದೆ. ಮೂಡಿಗೆರೆ ಕಡೆಯ ಕಾಫಿ ತೋಟದ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ ಇರುವ ಅಸ್ಸಾಮಿನ ಹೆಂಗಸಿಗೆ, ಹೋಂಸ್ಟೇ ಅಡುಗೆಮನೆಯಲ್ಲಿ ರಾತ್ರಿ ಹನ್ನೊಂದರವರೆಗೆ ನಿಲ್ಲುವ ಬಂಗಾಳದ ಹುಡುಗನಿಗೆ, ಹಾಸನದಲ್ಲಿ ಅಪಾರ್ಟ್‌ಮೆಂಟ್ ಕಾಯುವ ನೇಪಾಳದವನಿಗೆ ಒಗ್ಗುವುದಿಲ್ಲ. ಅವರು ತಲೆಯಾಡಿಸಿ, ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಹೋಗುತ್ತಾರೆ. ಮುಂದಿನ ಸಲ ಬಂದಾಗಲೂ ತೂಕ ಅಷ್ಟೇ ಇರುತ್ತದೆ, ಇಲ್ಲವೇ ಅವರು ಬರುವುದೇ ಇಲ್ಲ. "ಇವರಿಗೆ ಹೇಳಿ ಪ್ರಯೋಜನವಿಲ್ಲ" ಅಂದುಬಿಡುತ್ತೇವೆ. ಆ ಮಾತು ಅನ್ಯಾಯದ್ದು. ತಪ್ಪು ಕೇಳಿಸಿಕೊಂಡವರದ್ದಲ್ಲ, ಕೇಳದೆ ಹೇಳಿದವರದ್ದು.

ತಿರುಗಿಸಿ ನೋಡಿದರೆ ಇದು ಬೇಗ ಅರ್ಥವಾಗುತ್ತದೆ. ನಮ್ಮ ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇದ್ದಾರೆ. ಅಲ್ಲಿನ ಡಯಟೀಶಿಯನ್ ಓಟ್ಸು, ಸಲಾಡು, ಬೇಯಿಸಿದ ಕೋಳಿಯ ಪಟ್ಟಿ ಕೈಗಿತ್ತರೆ, ಬಸ್ಸಾರು ಉಪ್ಪುಸಾರು ಉಂಡು ಬೆಳೆದವರು ಎಷ್ಟು ದಿನ ತಡೆದಾರು? ಅಲ್ಲಿಯ ವೈದ್ಯರು ನಮ್ಮವರ ಮೈಗೆ ತಕ್ಕಂತೆ ಅಳತೆಯನ್ನಂತೂ ಬದಲಿಸಿಕೊಂಡಿದ್ದಾರೆ. ಅಮೆರಿಕದ ಡಯಾಬಿಟಿಸ್ ಅಸೋಸಿಯೇಷನ್ 2015ರಿಂದ ಏಷ್ಯಾ ಮೂಲದವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 23 ಆದರೇ ಸಕ್ಕರೆ ಪರೀಕ್ಷೆ ಮಾಡಿ ಎನ್ನುತ್ತಿದೆ. ಇಂಗ್ಲೆಂಡಿನ ನೈಸ್ ಎಂಬ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ ದಕ್ಷಿಣ ಏಷ್ಯಾದವರಿಗೆ 23 ದಾಟಿದರೆ ಅಧಿಕ ತೂಕ, 27.5 ದಾಟಿದರೆ ಬೊಜ್ಜು. ಅಳತೆ ಸರಿಮಾಡಿಕೊಂಡರೆ ಅರ್ಧ ಕೆಲಸ ಆದ ಹಾಗೆ. ಉಳಿದರ್ಧ ತಟ್ಟೆಯದ್ದು, ಮಾತಿನದ್ದು. ಅಲ್ಲಿ ನಮ್ಮವರಿಗೆ ಸಿಗಬೇಕು ಎಂದು ನಾವು ಬಯಸುವುದನ್ನು ಇಲ್ಲಿಗೆ ಬಂದವರಿಗೆ ನಾವು ಕೊಡಬೇಕು.

ಊರು ಬಿಟ್ಟರೆ ಮೈ ಯಾಕೆ ಬದಲಾಗುತ್ತದೆ?

ಬೆಂಗಳೂರೂ ಸೇರಿದಂತೆ ನಾಲ್ಕು ನಗರಗಳ ಕಾರ್ಖಾನೆಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಹಳ್ಳಿಯಿಂದ ನಗರಕ್ಕೆ ಬಂದವರನ್ನೂ, ಹಳ್ಳಿಯಲ್ಲೇ ಉಳಿದ ಅವರ ಒಡಹುಟ್ಟಿದವರನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ರಕ್ತ ಒಂದೇ, ಬಾಲ್ಯ ಒಂದೇ. ಆದರೂ ಗಂಡಸರಲ್ಲಿ ವಲಸೆ ಬಂದವರ ಬೊಜ್ಜು ಊರಲ್ಲಿ ಉಳಿದವರದ್ದಕ್ಕಿಂತ ಸುಮಾರು ಎರಡು ಪಟ್ಟು ಇತ್ತು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿದವರ ಹಳೆಯ ಜನನ ದಾಖಲೆ ತೆಗೆದು ನೋಡಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ನಡುವಯಸ್ಸಿನಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತ್ತು. ಎರಡನ್ನೂ ಜೋಡಿಸಿಕೊಂಡರೆ ಚಿತ್ರ ಸ್ಪಷ್ಟ. ತಾಯಿಯ ಹೊಟ್ಟೆಯಲ್ಲಿ, ಬಾಲ್ಯದಲ್ಲಿ ಹಸಿದ ಮೈಗೆ ಆಮೇಲೆ ದಿನವೂ ಹೊಟ್ಟೆ ತುಂಬ ಸಿಕ್ಕರೆ ಅದು ಮೊದಲು ಹೊಟ್ಟೆಯ ಸುತ್ತಲೇ ಕೊಬ್ಬು ಕೂಡಿಡುತ್ತದೆ.

ಹಾಸನ, ಚಿಕ್ಕಮಗಳೂರು, ನಮ್ಮ ಈ ಎರಡು ಜಿಲ್ಲೆಗಳಲ್ಲಿ ಇದಕ್ಕೊಂದು ಹಂಗಾಮಿನ ಲೆಕ್ಕವೂ ಇದೆ. ನವೆಂಬರಿನಿಂದ ಮಾರ್ಚಿಯವರೆಗೆ, ಅರೇಬಿಕಾ ಮುಗಿದು ರೊಬಸ್ಟಾ ಮುಗಿಯುವ ತನಕ, ಕಾಫಿ ಹಣ್ಣು ಕುಯ್ಯುವವರು ಏರು ಇಳಿಜಾರಿನಲ್ಲಿ ಮೂಟೆ ಹೊರುತ್ತಾರೆ. ಅವರಲ್ಲಿ ಬೊಜ್ಜಿಗಿಂತ ರಕ್ತಹೀನತೆಯೇ ದೊಡ್ಡ ಚಿಂತೆ. ತೂಕ ಏರುವುದು ತೋಟದ ಕೆಲಸ ಬಿಟ್ಟು ಕೂರುವ, ನಿಲ್ಲುವ ಕೆಲಸಕ್ಕೆ ಹೋದಾಗ: ವಾಚ್‌ಮನ್, ಡ್ರೈವರ್, ಹೋಟೆಲಿನ ಅಡುಗೆಯವನು, ಹೋಂಸ್ಟೇ ನೋಡಿಕೊಳ್ಳುವ ಜೋಡಿ. ಮೈಗೆ ಕೆಲಸ ಅರ್ಧವಾಗುತ್ತದೆ, ಅನ್ನದ ರಾಶಿ ಹಾಗೆಯೇ ಉಳಿಯುತ್ತದೆ. ಅತಿಥಿಗಳು ಬಿಟ್ಟ ಬಿರಿಯಾನಿ, ಪರೋಟ, ಐಸ್‌ಕ್ರೀಮು ರಾತ್ರಿ ಹನ್ನೊಂದರ ಮೇಲೆ ಊಟವಾಗುತ್ತದೆ. ಆದ್ದರಿಂದ ಮೊದಲ ಪ್ರಶ್ನೆ "ಏನು ತಿನ್ನುತ್ತೀರಿ" ಅಲ್ಲ. "ಮೊದಲು ಏನು ಕೆಲಸ ಮಾಡುತ್ತಿದ್ದಿರಿ, ಈಗ ಏನು ಮಾಡುತ್ತೀರಿ, ಯಾವಾಗಿನಿಂದ?"

ಅಳತೆ

ಬಿಎಂಐ ಅಂದರೆ ಕಿಲೋದಲ್ಲಿ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸುವುದು. ಭಾರತೀಯರಿಗೆ 2009ರಲ್ಲಿ ತಜ್ಞರು ಒಪ್ಪಿದ ಗಡಿ 23 ಅಧಿಕ ತೂಕಕ್ಕೆ, 25 ಬೊಜ್ಜಿಗೆ. 150 ಸೆಂ.ಮೀ. ಎತ್ತರದ ಹೆಂಗಸಿಗೆ 23 ಅಂದರೆ ಸುಮಾರು 52 ಕಿಲೋ, 25 ಅಂದರೆ 56. ಹೊರದೇಶದ 30ರ ಗಡಿ ಹಿಡಿದು ಕೂತರೆ ಅವಳು 67 ಕಿಲೋ ದಾಟುವ ತನಕ ನಾವು "ಪರವಾಗಿಲ್ಲ" ಅನ್ನುತ್ತಲೇ ಇರುತ್ತೇವೆ. ಆ ಹದಿನೈದು ಕಿಲೋ ನಡುವೆಯೇ ಸಕ್ಕರೆ ಕಾಯಿಲೆ ಬಂದು ಕೂತಿರುತ್ತದೆ.

ಸೊಂಟದ ಸುತ್ತಳತೆಯನ್ನು ಬಹಳ ಮಂದಿ ತಪ್ಪಾಗಿ ಹಿಡಿಯುತ್ತಾರೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿನ ಮೇಲಂಚಿಗೂ ನಡುಮಧ್ಯೆ ಟೇಪು ಸುತ್ತಬೇಕು, ನೆಲಕ್ಕೆ ಸಮನಾಗಿ. ಉಸಿರು ಸಹಜವಾಗಿ ಬಿಟ್ಟ ಮೇಲೆ ಓದಬೇಕು, ಹೊಟ್ಟೆ ಒಳಗೆ ಎಳೆದುಕೊಂಡಾಗ ಅಲ್ಲ. ಸೀರೆಯ ನೆರಿಗೆಯ ಮೇಲೋ ಚೂಡಿದಾರದ ಲಾಡಿಯ ಗಂಟಿನ ಮೇಲೋ ಸುತ್ತಿದರೆ ಎರಡು ಮೂರು ಸೆಂಟಿಮೀಟರ್ ಸುಮ್ಮನೆ ಸೇರಿಕೊಳ್ಳುತ್ತದೆ. ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಗಡಿ. ಆಶಾ ಕಾರ್ಯಕರ್ತೆಯರು ತುಂಬುವ, ಬಿಪಿ, ಸಕ್ಕರೆಯಂಥ ಕಾಯಿಲೆಯ ಅಪಾಯ ಅಳೆಯುವ ಸಿಬ್ಯಾಕ್ ಫಾರಂನಲ್ಲೂ ಇದೇ ಗಡಿಯ ಮೇಲೆ ಅಂಕ ಬರುತ್ತದೆ. ಒಟ್ಟು 4 ದಾಟಿದವರನ್ನು ಮೊದಲು ತಪಾಸಣೆಗೆ ಕಳಿಸಬೇಕು. ಆ ಫಾರಂ 30 ವರ್ಷ ತುಂಬಿದ ಎಲ್ಲರದ್ದು. ಲೈನ್ ಮನೆಯವರು ಮನೆಪಟ್ಟಿಯಲ್ಲಿ ಇರುವುದಿಲ್ಲವಾದ್ದರಿಂದ ಅವರದ್ದು ತುಂಬಿರುವುದಿಲ್ಲ. ತೋಟದ ರೈಟರ್ ಹತ್ತಿರ ಹಾಜರಿ ಬರೆಯುವ ಮಸ್ಟರ್ ಬುಕ್ ಇರುತ್ತದೆ. ಹೆಸರು, ವಯಸ್ಸು ಅದರಿಂದ ತೆಗೆದುಕೊಂಡರೆ ಒಂದು ಭಾನುವಾರದಲ್ಲಿ ಲೈನ್ ಪೂರ್ತಿ ಮುಗಿಯುತ್ತದೆ.

ಬಿಪಿ ನೋಡಲು ತೋಳಿಗೆ ಕಟ್ಟುವ ಪಟ್ಟಿಯ ಬಗ್ಗೆ ಸ್ವಲ್ಪ ನಿಲ್ಲಬೇಕು. ಭುಜದ ಮೂಳೆಗೂ ಮೊಣಕೈಗೂ ನಡುವೆ ತೋಳಿನ ಸುತ್ತಳತೆ 27ರಿಂದ 34 ಸೆಂ.ಮೀ. ಇದ್ದರೆ ಮಾಮೂಲಿ ಪಟ್ಟಿ; 35ರಿಂದ 44 ಇದ್ದರೆ ದೊಡ್ಡದು; ಅದಕ್ಕೂ ಮೇಲಿದ್ದರೆ ಇನ್ನೂ ದೊಡ್ಡದು. ದೊಡ್ಡದು ಬೇಕಾದವರಿಗೆ ಮಾಮೂಲಿ ಪಟ್ಟಿ ಕಟ್ಟಿದರೆ ಮೇಲಿನ ಅಂಕಿ ಸರಾಸರಿ 5ರಷ್ಟು ಹೆಚ್ಚು ತೋರಿಸುತ್ತದೆ. ಎಲ್ಲಕ್ಕಿಂತ ದೊಡ್ಡದು ಬೇಕಾದವರಿಗೆ 20ರಷ್ಟು. ಇಲ್ಲದ ಬಿಪಿಗೆ ಮಾತ್ರೆ ಶುರುವಾಗುವುದು ಹೀಗೆ. ಆ ಮಾತ್ರೆಯ ದುಡ್ಡು ದಿನಗೂಲಿಯಿಂದ ಹೋಗುತ್ತದೆ. ದೊಡ್ಡ ಪಟ್ಟಿ ಒಂದನ್ನು ಕೊಂಡಿಡುವುದು ಯಾವ ಆಸ್ಪತ್ರೆಗೂ ಭಾರವಲ್ಲ. ಹಾಗೆಯೇ ಕೈ ಇಲ್ಲದ ಅಗಲ ಕುರ್ಚಿ ಒಂದು, 150 ಕಿಲೋ ದಾಟಿಯೂ ತೂಗುವ ಮಷೀನು ಒಂದು. ಮಷೀನು ಸಾಲಿನ ಎದುರು ಬೇಡ, ಪರದೆಯ ಹಿಂದೆ ಇರಲಿ. ಅಂಕಿ ಜೋರಾಗಿ ಕೂಗಬೇಡಿ, ಬರೆದು ತೋರಿಸಿ.

ಯಾವ ಪದ, ಯಾರ ಬಾಯಲ್ಲಿ

ಬಂಗಾಳಿಯಲ್ಲಿ "ಸ್ವಾಸ್ಥ್ಯ ಭಾಲೋ ಹಯೇಛೆ" ಅಂದರೆ ಮೈ ತುಂಬಿಕೊಂಡಿದೆ ಎಂದು, ಮೆಚ್ಚಿ ಹೇಳುವ ಮಾತು. ಹಿಂದಿಯಲ್ಲೂ "ಸೆಹತ್ ಬನ್ ಗಯೀ" ಅನ್ನುತ್ತಾರೆ. ನಮ್ಮಲ್ಲೂ "ಮೈಕೈ ತುಂಬಿಕೊಂಡಿದ್ದಾಳೆ" ಅಂದರೆ ಹೊಗಳಿಕೆಯೇ. ಊರಿನಲ್ಲಿರುವ ತಾಯಿಗೆ ವಿಡಿಯೋ ಕಾಲ್‌ನಲ್ಲಿ ಮಗಳ ಕೆನ್ನೆ ತುಂಬಿದ್ದು ಕಂಡರೆ, ಅಲ್ಲಿ ಹೊಟ್ಟೆಗೆ ಸಿಗುತ್ತಿದೆ, ಮಗಳು ಚೆನ್ನಾಗಿದ್ದಾಳೆ ಎಂಬ ನೆಮ್ಮದಿ. ಅಂಥವಳಿಗೆ "ಮೋಟಿ ಆಗಿದ್ದೀಯ, ಇಳಿಸು" ಎಂದರೆ ನಾವು ಅವಳ ಕಷ್ಟದ ಫಲವನ್ನೇ ಬೈದ ಹಾಗೆ. ತೂಕ ಅನ್ನುವ ಪದ ಸಾಕು. ಹಿಂದಿಯವರಿಗೆ "ವಜನ್", ಬಂಗಾಳಿ, ಅಸ್ಸಾಮಿಯವರಿಗೆ "ಓಜನ್". "ದೀದಿ, ವಜನ್ ಬಗ್ಗೆ ಸ್ವಲ್ಪ ಮಾತಾಡೋಣವಾ?" ಎಂದು ಅನುಮತಿ ಕೇಳಿ, ಅವರು ಹೂಂ ಅಂದ ಮೇಲೆ ಮುಂದುವರಿಯಿರಿ. ಮಂಡಿ ನೋವಿಗೆ ಬಂದವರಿಗೆ ಮೊದಲು ಮಂಡಿ ನೋಡಿ. ಎಲ್ಲ ಕಾಯಿಲೆಗೂ ತೂಕವನ್ನೇ ದೂರಿದರೆ ಮಂಡಿಯ ಊತ, ಥೈರಾಯ್ಡು, ಗರ್ಭಕೋಶದ ತೊಂದರೆ ಕಣ್ತಪ್ಪುತ್ತವೆ.

ಉತ್ತರದಿಂದ ಬಂದವರೆಲ್ಲ ಹಿಂದಿ ಬಲ್ಲವರಲ್ಲ. ಅಸ್ಸಾಮಿನ ಚಹಾ ತೋಟಗಳಿಂದ ಬಂದ ಆದಿವಾಸಿ ಕುಟುಂಬಗಳಲ್ಲಿ ಎಷ್ಟೋ ಮಂದಿಯ ಮನೆಮಾತು ಸಾದ್ರಿ. ಹಿಂದಿಯಲ್ಲಿ ಕೇಳಿದರೆ "ಹಾಂ ಜೀ" ಬರುತ್ತದೆ, ಅದು ಅರ್ಥವಾಯಿತು ಎಂಬ ಉತ್ತರವಲ್ಲ. ಮೇಸ್ತ್ರಿಯನ್ನು ಮಾತು ದಾಟಿಸಲು ಕೂರಿಸಬೇಡಿ. ಕೂಲಿ ಹಂಚುವವನ ಮುಂದೆ ಯಾರೂ ಸುಸ್ತು, ಕುಡಿತ, ಮುಟ್ಟಿನ ತೊಂದರೆ ಹೇಳುವುದಿಲ್ಲ. ಶಾಲೆಗೆ ಹೋಗುವ ಮಗುವಿಗೆ ಕನ್ನಡ ಚೆನ್ನಾಗಿ ಬರುತ್ತದೆ, ನಿಜ. ಆದರೂ ಅಮ್ಮನ ಹೊಟ್ಟೆಯ ಅಳತೆ ಮಗುವಿನ ಬಾಯಲ್ಲಿ ಬರಬಾರದು. ಅದೇ ಭಾಷೆಯ ಇನ್ನೊಬ್ಬ ಹೆಂಗಸನ್ನು, ರೋಗಿಯನ್ನು ಕೇಳಿಯೇ, ಫೋನಿನ ಸ್ಪೀಕರಿನಲ್ಲಿ ಹಿಡಿಯುವುದು ಮೇಲು. ಎಲ್ಲ ಹೇಳಿದ ಮೇಲೆ "ಮನೆಗೆ ಹೋಗಿ ಯಜಮಾನರಿಗೆ ಏನಂತ ಹೇಳುತ್ತೀರಿ?" ಎಂದು ತಿರುಗಿ ಹೇಳಿಸಿ. ಎರಡು ನಿಮಿಷದ ಕೆಲಸ, ಅಲ್ಲೇ ತಪ್ಪು ಸಿಕ್ಕಿಬೀಳುತ್ತದೆ. ಅಸ್ಸಾಮಿನವರು ದಿನಾ "ಮಾಸೋರ್ ತೆಂಗಾ" ತಿನ್ನುತ್ತೇವೆ ಎಂದರೆ ನಮ್ಮ ಕಿವಿಗೆ ತೆಂಗಿನಕಾಯಿ ಕೇಳಿಸುತ್ತದೆ. ಅಲ್ಲಿ ತೆಂಗಾ ಅಂದರೆ ಹುಳಿ. ಅದು ಎಣ್ಣೆ ಕಡಿಮೆ ಹಾಕಿ ಮಾಡುವ ಹುಳಿ ಮೀನುಸಾರು, ತೂಕ ಇಳಿಸುವವರಿಗೆ ಅದಕ್ಕಿಂತ ಒಳ್ಳೆಯ ಪದಾರ್ಥ ಕಷ್ಟ. ಕೇಳದೆ "ತೆಂಗು ಬಿಡಿ" ಅಂದರೆ ಇದ್ದ ಒಳ್ಳೆಯದನ್ನೂ ಬಿಡಿಸಿದ ಹಾಗಾಯಿತು.

ತಟ್ಟೆ

ಮುದ್ದೆಯ ಮಾತಿಗೆ ಬರೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 355. ವ್ಯತ್ಯಾಸ ಇಷ್ಟೇ. ರಾಗಿಯ ಹೆಚ್ಚುಗಾರಿಕೆ ನಾರಿನಲ್ಲಿದೆ, 100 ಗ್ರಾಂಗೆ ಸುಮಾರು 11 ಗ್ರಾಂ, ಅಕ್ಕಿಯಲ್ಲಿ 3ಕ್ಕೂ ಕಡಿಮೆ. ಕ್ಯಾಲ್ಸಿಯಂ ಕೂಡ ಬೇಕಾದಷ್ಟಿದೆ. ಹೊಟ್ಟೆ ಬೇಗ ತುಂಬುತ್ತದೆ, ಹೊತ್ತು ನಿಲ್ಲುತ್ತದೆ. ಆದರೆ ಎರಡು ದೊಡ್ಡ ಮುದ್ದೆಯ ಮೇಲೆ ಒಂದು ತಟ್ಟೆ ಅನ್ನ ಉಂಡರೆ ತೂಕ ಇಳಿಯದು. ಮುದ್ದೆ ನುಂಗಲು ಬಾರದವರಿಗೆ ಅದು ಊಟವಲ್ಲ, ಶಿಕ್ಷೆ.

ಹಾಗಂತ ರಾಗಿ ಅವರಿಗೆ ಹೊಸದಲ್ಲ, ಹೆಸರು ಬೇರೆ ಅಷ್ಟೇ. ಜಾರ್ಖಂಡ್, ಬಿಹಾರದವರಿಗೆ ಅದು ಮಡುವಾ, ರೊಟ್ಟಿ ಬಡಿಯುತ್ತಾರೆ. ಒಡಿಶಾದವರಿಗೆ ಮಂಡಿಯಾ, ಅಂಬಲಿಯ ಹಾಗೆ ಜಾವು ಕಾಯಿಸುತ್ತಾರೆ. ನೇಪಾಳದವರು ಕೋದೋ ಹಿಟ್ಟಿನಲ್ಲಿ ತಿರುವುವ ಢಿಂಡೋ ನಮ್ಮ ಮುದ್ದೆಯ ಸ್ವಂತ ತಮ್ಮ. ಒಂದು ಎಚ್ಚರ: ನೇಪಾಳಿಯಲ್ಲಿ ಕೋದೋ ಅಂದರೆ ರಾಗಿ, ಹಿಂದಿಯಲ್ಲಿ ಕೋದೋ ಅಂದರೆ ಹಾರಕ. ಚೀಟಿಯಲ್ಲಿ ಬರೆಯುವ ಬದಲು ಕಾಳನ್ನೇ ಅಂಗೈಯಲ್ಲಿಟ್ಟು ತೋರಿಸಿ, "ಇದಕ್ಕೆ ನಿಮ್ಮಲ್ಲಿ ಏನಂತಾರೆ?" ಎಂದು ಕೇಳಿ. ಮುಖ ಅರಳಿದರೆ ರಾಗಿ ಹೇಳಿ. "ಅದು ಬಡವರ ಊಟ, ಬಿಟ್ಟು ಬಂದೆವು" ಎಂಬ ಭಾವ ಕಂಡರೆ ಒತ್ತಾಯ ಬೇಡ. ಅನ್ನದಲ್ಲೇ ಲೆಕ್ಕ ಹಾಕಬಹುದು.

ಅನ್ನದ ಲೆಕ್ಕಕ್ಕೆ ಒಳ್ಳೆಯ ಪ್ರಶ್ನೆ ಒಂದಿದೆ: "ಒಂದು ಕಿಲೋ ಅಕ್ಕಿ ನಿಮ್ಮ ಮನೆಗೆ ಎಷ್ಟು ಹೊತ್ತು ಬರುತ್ತದೆ, ಉಣ್ಣುವವರು ಎಷ್ಟು ಮಂದಿ?" ತಟ್ಟೆ, ಸೌಟು, ಬಟ್ಟಲು ಮನೆಮನೆಗೆ ಬೇರೆ. ಕಿಲೋ ಎಲ್ಲ ಕಡೆಯೂ ಒಂದೇ. ಇಬ್ಬರಿಗೆ ದಿನಕ್ಕೆ ಒಂದು ಕಿಲೋ ಎಂದರೆ ತಲೆಗೆ 500 ಗ್ರಾಂ, ಅನ್ನದಿಂದಲೇ ಸುಮಾರು 1,780 ಕ್ಯಾಲೊರಿ. ಜನವರಿಯಲ್ಲಿ ಮೂಟೆ ಹೊರುವವನಿಗೆ ಅದು ಬೇಕು. ಗೇಟಿನಲ್ಲಿ ಕೂರುವವನಿಗೆ ಬೇಡ. 500ನ್ನು 350ಕ್ಕೆ ಇಳಿಸಿದರೆ ಸುಮಾರು 530 ಕ್ಯಾಲೊರಿ ಉಳಿಯಿತು. ಆ ಜಾಗ ಖಾಲಿ ಬಿಟ್ಟರೆ ಹಸಿವು ರಾತ್ರಿ ಬಿಸ್ಕತ್ತಿನ ಪೊಟ್ಟಣ ಬಿಚ್ಚಿಸುತ್ತದೆ. ಪಥ್ಯ ಮುರಿಯುವುದು ಸಾಮಾನ್ಯವಾಗಿ ಇಲ್ಲೇ. 30 ಗ್ರಾಂ ಹುರುಳಿ ಬೇಯಿಸಿದರೆ 100 ಕ್ಯಾಲೊರಿಗೆ 6 ಗ್ರಾಂ ಮೇಲೆ ಪ್ರೋಟೀನು ಬಂತು, ಜೊತೆಗೆ ಎರಡು ಹಿಡಿ ಸೊಪ್ಪು. ಹುರುಳಿ ಹಿಂದಿಯವರಿಗೆ ಕುಲ್ಥಿ, ನೇಪಾಳದವರಿಗೆ ಗಹತ್. ಹೀಗೆ ನಡೆದರೆ ತಿಂಗಳಿಗೆ ಒಂದು, ಒಂದೂವರೆ ಕಿಲೋ ಇಳಿಯುತ್ತದೆ. ಆರು ತಿಂಗಳಲ್ಲಿ ಇದ್ದ ತೂಕದ ನೂರಕ್ಕೆ 5ರಿಂದ 10 ಇಳಿದರೆ ಬಿಪಿ, ಸಕ್ಕರೆ ಎರಡಕ್ಕೂ ಕಾಣುವಷ್ಟು ಗುಣವಿದೆ. 70 ಕಿಲೋದವರಿಗೆ ಅದು ಮೂರೂವರೆಯಿಂದ ಏಳು ಕಿಲೋ.

ಅನ್ನ ಯಾಕೆ ಅಷ್ಟು ಎಂಬುದಕ್ಕೆ ದುಡ್ಡಿನ ಕಾರಣವೂ ಇದೆ. ಆಹಾರ ಭದ್ರತಾ ಕಾಯ್ದೆಯಡಿ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ ಉಚಿತ. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಬೇರೆ ರಾಜ್ಯದ ಕಾರ್ಡಿನವರು ತಮ್ಮ ಪಾಲನ್ನು ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೇ, ಆಧಾರ್ ಬೆರಳಚ್ಚು ಕೊಟ್ಟು ತೆಗೆದುಕೊಳ್ಳಬಹುದು. ಉಳಿದ ಪಾಲನ್ನು ಮನೆಯವರು ಊರಲ್ಲೇ ತೆಗೆದುಕೊಳ್ಳಬಹುದು. ಅಕ್ಕಿಗೆ ಹೋಗುವ ದುಡ್ಡು ಉಳಿದರೆ ಬೇಳೆ, ಮೊಟ್ಟೆಗೆ ಬರುತ್ತದೆ. ಇದನ್ನು ಹೇಳಿಕೊಡುವುದೂ ತೂಕದ ಚಿಕಿತ್ಸೆಯೇ.

ಸಂತೆಯಲ್ಲಿ, ಹಿತ್ತಲಲ್ಲಿ ಸಿಗುವ ನಮ್ಮ ಮಲೆನಾಡಿನ ಅರ್ಧ ತರಕಾರಿ ಅವರ ಊರಿನದ್ದೂ ಹೌದು. ಬಸಳೆ ಬಂಗಾಳಿಗಳ ಪುಯಿ ಶಾಕ್. ಬಾಳೆ ಹೂವು ಅವರ ಮೋಚಾ, ಬಾಳೆದಿಂಡು ಥೋಡ್. ಕೆಸು ಅವರ ಕಚು. ನಾವು ಮಳೆಗಾಲದಲ್ಲಿ ಕಳಲೆ ನೆನೆಹಾಕುವಂತೆ ಅಸ್ಸಾಮಿನವರು ಖೊರಿಸಾ ಮಾಡುತ್ತಾರೆ. ನುಗ್ಗೆಸೊಪ್ಪು ಜಾರ್ಖಂಡಿನ ಮುನಗಾ ಸಾಗ್. ಲೈನಿನ ಹಿಂದೆ ನಾಲ್ಕು ಬಸಳೆ ಬಳ್ಳಿ ಹಬ್ಬಿಸಲು ಜಾಗ ಬಿಟ್ಟುಕೊಟ್ಟ ತೋಟದ ಮಾಲೀಕರು, ಯಾವ ಡಯಟ್ ಚಾರ್ಟಿಗಿಂತ ಹೆಚ್ಚು ಮಾಡಿದ ಹಾಗೆ.

ತಂಗಳನ್ನವನ್ನು ನೀರಿನಲ್ಲಿ ಹಾಕಿಟ್ಟು ಬೆಳಿಗ್ಗೆ ಈರುಳ್ಳಿ, ಹಸಿಮೆಣಸಿನಕಾಯಿ ಜೊತೆ ಉಣ್ಣುವುದು ಒಡಿಶಾದಲ್ಲಿ ಪಖಾಳ, ಬಂಗಾಳದಲ್ಲಿ ಪಾಂತಾ ಭಾತ್, ಅಸ್ಸಾಮಿನಲ್ಲಿ ಪೊಯಿತಾ ಭಾತ್. ಅದನ್ನು ಬಿಡಿಸಿ ಇಡ್ಲಿ ತಿನ್ನಿಸುವ ಅಗತ್ಯವೇನೂ ಇಲ್ಲ. ನೇಪಾಳದವರು ದಾಲ್ ಭಾತ್ ಉಣ್ಣುವುದು ದಿನಕ್ಕೆ ಎರಡೇ ಹೊತ್ತು, ಬೆಳಿಗ್ಗೆ ಹತ್ತರ ಸುಮಾರಿಗೆ ಮತ್ತು ರಾತ್ರಿ. ಅವರಿಗೆ ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಊಟ ಎಂದು ಮೂರು ಖಾನೆಯ ಹಾಳೆ ಕೊಟ್ಟರೆ ಎರಡು ಹೊತ್ತಿನ ಮೇಲೆ ಮೂರನೆಯದನ್ನೂ ಸೇರಿಸಿಕೊಳ್ಳುತ್ತಾರೆ.

ಮೀನು, ಮೊಟ್ಟೆ, ಹಂದಿಮಾಂಸದ ಮಾತು ಬಂದಾಗ ನಮ್ಮ ಮುಖ ಗಂಟಿಕ್ಕಬಾರದು. ಗಂಟಿಕ್ಕಿದರೆ ಅವರು ಮರುಸಲ ಸುಳ್ಳು ಹೇಳುತ್ತಾರೆ, ಲೆಕ್ಕ ತಪ್ಪುತ್ತದೆ. ಮೀನು ಇರಲಿ, ಬಾಣಲೆ ತುಂಬ ಸಾಸಿವೆಣ್ಣೆಯಲ್ಲಿ ಕರಿದು ಆಮೇಲೆ ಸಾರಿಗೆ ಬಿಡುವ ಬದಲು, ಕಾವಲಿಯಲ್ಲಿ ಒಂದು ಚಮಚ ಎಣ್ಣೆಗೆ ಎರಡೂ ಮಗ್ಗುಲು ಕೆಂಪಾಗಿಸಿ ಸಾರಿಗೆ ಬಿಡಲಿ. ಸಾಸಿವೆಣ್ಣೆಯ ಘಾಟು ಉಳಿಯುತ್ತದೆ, ಎಣ್ಣೆ ಉಳಿಯುವುದಿಲ್ಲ. ಎಣ್ಣೆಗೂ ತಿಂಗಳ ಲೆಕ್ಕವೇ ಸರಿ. ಇಬ್ಬರಿಗೆ ಮೂರು ಲೀಟರ್ ಎಂದರೆ ತಲೆಗೆ ದಿನಕ್ಕೆ 45 ಗ್ರಾಂ, 400 ಕ್ಯಾಲೊರಿ. ಎರಡು ಲೀಟರಿಗೆ ಇಳಿದರೆ 30 ಗ್ರಾಂ. ಒಂದು ಲೀಟರ್ ಪ್ಯಾಕೆಟ್ಟು ಹದಿನೈದು ದಿನ ಬರಬೇಕು ಎಂದು ಕ್ಯಾಲೆಂಡರಿನ ಮೇಲೆ ಗುರುತು ಹಾಕಿಕೊಡಿ.

ಲೋಟದಲ್ಲಿರುವುದನ್ನು ಯಾರೂ ಊಟ ಎಂದು ಎಣಿಸುವುದಿಲ್ಲ. ಎರಡು ಚಮಚ ಸಕ್ಕರೆಯ ಲಾಲ್ ಚಾ ದಿನಕ್ಕೆ ಐದು ಲೋಟವಾದರೆ 50 ಗ್ರಾಂ ಸಕ್ಕರೆ, 200 ಕ್ಯಾಲೊರಿ. ಸಕ್ಕರೆ ಬದಲು ಬೆಲ್ಲ ಅಂದರೆ ಏನೂ ಬದಲಾಗುವುದಿಲ್ಲ. ಕ್ಯಾಲೊರಿ ಹೆಚ್ಚುಕಡಿಮೆ ಅಷ್ಟೇ. ಮದ್ಯದ 180 ಮಿ.ಲೀ. ಕ್ವಾರ್ಟರಿನಲ್ಲಿ 420 ಕ್ಯಾಲೊರಿ ಮೇಲಿದೆ, ಜೊತೆಗೆ ನಂಚಿಕೊಳ್ಳುವ ಕರಿದದ್ದು ಬೇರೆ. ಜಾರ್ಖಂಡಿನ ಆದಿವಾಸಿಗಳ ಹಂಡಿಯಾ, ಅಕ್ಕಿಯ ಕಳ್ಳು, ಹಬ್ಬ ಹರಿದಿನದ್ದು, ದೇವರಿಗೆ ಇಡುವಂಥದ್ದು. ಅದನ್ನು ಕ್ವಾರ್ಟರಿನ ಜೊತೆ ಸೇರಿಸಿ ಬೈಯಬೇಡಿ. ದಿನದ ಕುಡಿತ ಯಾವುದು, ಹಬ್ಬದ್ದು ಯಾವುದು ಎಂದು ಬಿಡಿಸಿ ಕೇಳಿ.

ವಾಕಿಂಗ್ ಅಂದರೆ

ಸಕಲೇಶಪುರ, ಆಲೂರು, ಮೂಡಿಗೆರೆ ಸುತ್ತ ಬೆಳಿಗ್ಗೆ ಐದೂವರೆಗೆ ವಾಕಿಂಗ್ ಹೋಗಿ ಎಂದು ಬರೆದುಕೊಡುವವರು ಆನೆಯನ್ನು ಮರೆತಿರುತ್ತಾರೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ತೋಟದ ರಸ್ತೆ ಆನೆಯದ್ದು. ಅದು ಜೀವಕ್ಕೇ ಅಪಾಯದ ಸಲಹೆ. ಮಳೆಗಾಲದಲ್ಲಿ ಜಿಗಣೆ, ಕೆಸರು. ಇನ್ನು ದಿನವಿಡೀ ಗುಡ್ಡ ಹತ್ತಿಳಿದವಳಿಗೆ ನಡಿಗೆ ಹೇಳುವುದು ಅವಳ ದುಡಿಮೆಯನ್ನು ಕಾಣದವರ ಮಾತು. ಕೂತು ಕೆಲಸ ಮಾಡುವವರಿಗೆ ಪ್ರತಿ ಊಟದ ನಂತರ ಲೈನಿನ ಅಂಗಳದಲ್ಲೋ ಕಾಫಿ ಕಣದಲ್ಲೋ ಹತ್ತು ನಿಮಿಷ, ದಿನಕ್ಕೆ ಮೂರು ಸಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಹತ್ತು ಸಲ, ಎರಡು ಸುತ್ತು. ರಾತ್ರಿ ಪಾಳಿಯ ವಾಚ್‌ಮನ್‌ಗೆ ನಿದ್ದೆಯೇ ಮೊದಲ ಮದ್ದು. ಹಗಲು ಒಂದೇ ಕೋಣೆಯಲ್ಲಿ ಐದು ಮಂದಿ ಇದ್ದರೆ ಅವನು ಮಲಗುವುದು ಎಲ್ಲಿ ಎಂದು ಕೇಳಿ. ಜೋರು ಗೊರಕೆ, ನಡುವೆ ಉಸಿರು ಕಟ್ಟುವುದು ಇದೆಯೇ ಎಂದು ಪಕ್ಕದಲ್ಲಿ ಮಲಗುವವನನ್ನೇ ಕೇಳಬೇಕು.

ಪರೀಕ್ಷೆ, ಮಾತ್ರೆ, ಉಪವಾಸ

ಮೂರು ತಿಂಗಳ ಸರಾಸರಿ ಸಕ್ಕರೆ ಎಂದು ನಾವು ನಂಬುವ ಎಚ್‌ಬಿಎ1ಸಿ ರಕ್ತಪರೀಕ್ಷೆ ಈ ಜನರಲ್ಲಿ ದಾರಿ ತಪ್ಪಿಸಬಹುದು. ಅಸ್ಸಾಂ, ಬಂಗಾಳದವರಲ್ಲಿ ಹಿಮೋಗ್ಲೋಬಿನ್-ಇ ಎಂಬ, ಹುಟ್ಟಿನಿಂದಲೇ ಬರುವ ಬೇರೆ ಬಗೆಯ ಹಿಮೋಗ್ಲೋಬಿನ್ ಸಾಮಾನ್ಯ. ಒಡಿಶಾ, ಜಾರ್ಖಂಡ್, ಛತ್ತೀಸಗಢದ ಆದಿವಾಸಿಗಳಲ್ಲಿ ಕುಡಗೋಲು ಕಣ, ಅಂದರೆ ಸಿಕಲ್ ಸೆಲ್, ಕಂಡುಬರುತ್ತದೆ. ಇವು ಅಂಕಿಯನ್ನು ಸುಳ್ಳಾಗಿ ಇಳಿಸಬಹುದು ಇಲ್ಲವೇ ಮಷೀನನ್ನೇ ಗೊಂದಲಗೊಳಿಸಬಹುದು. ಕಬ್ಬಿಣದ ಕೊರತೆ ಅದೇ ಅಂಕಿಯನ್ನು ಏರಿಸುತ್ತದೆ. ಹಿಮೋಗ್ಲೋಬಿನ್ ಕಡಿಮೆ ಇದ್ದರೆ, ಅಥವಾ ಎಚ್‌ಬಿಎ1ಸಿಯೂ ಬೆರಳಿನ ಸಕ್ಕರೆಯೂ ತಾಳೆಯಾಗದಿದ್ದರೆ, ಖಾಲಿಹೊಟ್ಟೆಯ ಸಕ್ಕರೆ 126, 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಗೆ 200, ಈ ಗಡಿಗಳನ್ನೇ ನಂಬಿ.

ತೂಕ ಏರಿಸುವ ಔಷಧಿಗಳನ್ನು ಹೆಸರು ಹಿಡಿದು ಕೇಳಬೇಕು. ಮಕ್ಕಳಾಗದಂತೆ ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಇಂಜೆಕ್ಷನ್ ಕೆಲವರಲ್ಲಿ ತೂಕ ಏರಿಸುತ್ತದೆ. ಹಾಗಿದ್ದರೆ ಬೇರೆ ವಿಧಾನದ ಮಾತಾಡಬೇಕೇ ಹೊರತು ಸುಮ್ಮನೆ ನಿಲ್ಲಿಸಿ ಬಿಡಬಾರದು. ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್, ಇನ್ಸುಲಿನ್, ಮನೋರೋಗ, ಮೂರ್ಛೆರೋಗಕ್ಕೆ ಕೊಡುವ ಓಲಾಂಜಪಿನ್, ವಾಲ್‌ಪ್ರೋಯೇಟ್ ಕೂಡ ಏರಿಸುತ್ತವೆ, ಸಕ್ಕರೆಗೇ ಕೊಡುವ ಮೆಟ್‌ಫಾರ್ಮಿನ್ ಏರಿಸುವುದಿಲ್ಲ. ಸಂತೆಯಲ್ಲಿ ಹೆಸರಿಲ್ಲದ ಪೊಟ್ಟಣದಲ್ಲಿ ಸಿಗುವ ಮೈಕೈ ನೋವಿನ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಮುಖ ದುಂಡಗಾಗಿ, ಹೊಟ್ಟೆ ಬಂದು, ತೋಳು ತೊಡೆ ಬಡಕಲಾಗಿದ್ದರೆ ಆ ಪೊಟ್ಟಣ ತರಿಸಿ ನೋಡಿ. ತಿಂಗಳುಗಟ್ಟಲೆ ತಿಂದವರು ಅದನ್ನು ಒಂದೇ ದಿನ ನಿಲ್ಲಿಸಿದರೆ ಬಿಪಿ ಬಿದ್ದು ಪ್ರಾಣಾಪಾಯ ಆಗಬಹುದು. ವೈದ್ಯರ ಕಣ್ಣಳತೆಯಲ್ಲಿ ಇಳಿಸಬೇಕು.

ರಂಜಾನ್ ಉಪವಾಸ ಹಿಡಿಯುವವರ ಜೊತೆ ಆರರಿಂದ ಎಂಟು ವಾರ ಮೊದಲೇ ಕೂತು ಮಾತಾಡಿ. ಮಾತ್ರೆಯ ಹೊತ್ತನ್ನು ಇಫ್ತಾರ್, ಸಹರಿಗೆ ಹೊಂದಿಸಬೇಕು. ಗ್ಲಿಮೆಪಿರೈಡ್‌ನಂಥದ್ದು, ಇನ್ಸುಲಿನ್ ಇದ್ದವರಿಗೆ ಪ್ರಮಾಣ ಬದಲಿಸಬೇಕಾದೀತು. ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಬೇಕೆಂದು ಮೊದಲೇ ಒಪ್ಪಿಸಿರಿ. ಬೆರಳು ಚುಚ್ಚಿ ನೋಡಿದರೆ ಉಪವಾಸ ಮುರಿಯುವುದಿಲ್ಲ ಎಂಬುದನ್ನೂ ಹೇಳಿ, ಬಹಳ ಮಂದಿಗೆ ಈ ಅಂಜಿಕೆ ಇದೆ. ಬಿಹಾರ, ಜಾರ್ಖಂಡಿನ ಹೆಂಗಸರ ಛಠ್ ವ್ರತದಲ್ಲಿ ಒಂದೂವರೆ ದಿನ ನೀರೂ ಇಲ್ಲ. "ಮಾಡಬೇಡ" ಅಂದರೆ ಗುಟ್ಟಾಗಿ ಮಾಡುತ್ತಾರೆ, ಮಾತ್ರೆಯನ್ನೂ ನುಂಗಿರುತ್ತಾರೆ.

ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ತೂಕವನ್ನು ನಿಜವಾಗಿ ಇಳಿಸುತ್ತವೆ, ಬಿಟ್ಟರೆ ಬಹುಪಾಲು ತೂಕ ಮರಳುತ್ತದೆ. ಬೆಲೆಯ ಜೊತೆಗೆ, ಇನ್ನೂ ಬಳಸದ ಇಂಜೆಕ್ಷನ್ ಪೆನ್ನನ್ನು 2ರಿಂದ 8 ಡಿಗ್ರಿಯಲ್ಲಿಡಲು ಫ್ರಿಜ್ ಬೇಕು. ಲೈನ್ ಮನೆಯಲ್ಲಿ ಫ್ರಿಜ್ ಎಲ್ಲಿದೆ ಎಂದು ಕೇಳದೆ ಬರೆಯುವ ಔಷಧಿಯಲ್ಲ ಅದು. ಬೊಜ್ಜಿನ ಶಸ್ತ್ರಚಿಕಿತ್ಸೆಗೂ ಇದೇ ಮಾತು: ಆಮೇಲೆ ಬದುಕಿಡೀ ಬಿ12, ಕಬ್ಬಿಣ, ಕ್ಯಾಲ್ಸಿಯಂ ತೆಗೆದುಕೊಳ್ಳಬೇಕು, ವರ್ಷವರ್ಷ ರಕ್ತ ನೋಡಿಸಬೇಕು. ಊರೂರು ಅಲೆಯುವವರಿಗೆ ಆ ದಾರಿ ಮೊದಲೇ ಗೊತ್ತುಮಾಡಿಕೊಡಬೇಕು.

ಒಂಟಿತನಕ್ಕೆ ತಿನ್ನುವವರು ಇದ್ದಾರೆ, ಅದರಲ್ಲೂ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ತಾಯಂದಿರು. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಲವು ಭಾಷೆಗಳಲ್ಲಿ ಸಿಗುತ್ತದೆ. ನಂಬರನ್ನು ಅವರ ಫೋನಿಗೆ ನೀವೇ ಸೇವ್ ಮಾಡಿಕೊಡಿ.

ಊರಿಗೆ ಹೊರಟಾಗ

ಕುಯ್ಲು ಮುಗಿದು ಬಟವಾಡೆ ಆದ ಮೇಲೆ ಏಪ್ರಿಲ್ ಹೊತ್ತಿಗೆ ಎಷ್ಟೋ ಮಂದಿ ಅರಸೀಕೆರೆ ಜಂಕ್ಷನ್ನಿಗೆ ಹೋಗಿ ರೈಲು ಹತ್ತುತ್ತಾರೆ. ಚಿಕಿತ್ಸೆ ಕಡಿಯುವುದು ಆ ಪ್ಲಾಟ್‌ಫಾರ್ಮಿನಲ್ಲಿ. ಕನ್ನಡದ ಚೀಟಿಯನ್ನು ಅಸ್ಸಾಮಿನ ಡಿಬ್ರುಗಢದಲ್ಲಿ ಯಾರೂ ಓದಲಾರರು. ಇಂಗ್ಲಿಷಿನಲ್ಲಿ ಒಂದೇ ಪುಟ ಬರೆದುಕೊಡಿ: ತೂಕ, ಸೊಂಟ, ಯಾವ ಪಟ್ಟಿಯಲ್ಲಿ ನೋಡಿದ ಬಿಪಿ, ಸಕ್ಕರೆ, ಔಷಧಿಗಳ ಮೂಲ ಹೆಸರು ಮತ್ತು ಪ್ರಮಾಣ, 14 ಅಂಕಿಯ ಆಭಾ (ಆರೋಗ್ಯ ಖಾತೆಯ) ಸಂಖ್ಯೆ ಇದ್ದರೆ ಅದು. ಕಾಗದ ಮಳೆಗೆ ನೆನೆಯುತ್ತದೆ, ಆದ್ದರಿಂದ ಅವರ ಫೋನಿನಲ್ಲೇ ಫೋಟೋ ತೆಗೆಸಿ. ಎರಡು ತಿಂಗಳ ಮಾತ್ರೆ ಕೈಗೆ ಕೊಡಿ. ಆಯುಷ್ಮಾನ್ ಕಾರ್ಡ್ ಇದ್ದವರಿಗೆ ಅದು ಬೇರೆ ರಾಜ್ಯದಲ್ಲೂ ನಡೆಯುತ್ತದೆ, ಆದರೆ ಒಳರೋಗಿಯಾಗಿ ಸೇರಿದಾಗ ಮಾತ್ರ, ಹೊರರೋಗಿ ಚೀಟಿಗಲ್ಲ ಎಂದು ತಿಳಿಸಿ. ಮರಳಿ ಬಂದವರನ್ನು ಅದೇ ಮಷೀನಿನಲ್ಲಿ, ಅದೇ ಟೇಪಿನಲ್ಲಿ ಅಳೆಯಿರಿ. ಊರಿನಲ್ಲಿ ಎರಡು ಕಿಲೋ ಏರಿದ್ದರೆ ಬೈಯುವ ಮೊದಲು, ಮದುವೆ ಎಷ್ಟಿತ್ತು, ಹಬ್ಬ ಯಾವುದಿತ್ತು, ಅಮ್ಮ ಏನೇನು ಮಾಡಿ ಬಡಿಸಿದಳು ಎಂದು ಕೇಳಿ.